ಬೀಗರ ಬಾಯಿಗೆ ಬ್ಯಾಟರಿ

ಬನಹಟ್ಟಿಯಲ್ಲಿ ಇನ್ನು ಮುಂದೆ ಯಾವ ಬಾಯಿಯೂ ನನಗೆ ತಿಳಿಯದಂತೆ ರೋಗ ತರಿಸಿಕೊಳ್ಳುವಂತಿಲ್ಲ ಎಂದು ನಾನು ಪಣ ತೊಟ್ಟದ್ದು ಜಮಖಂಡಿಯಿಂದ ವಾಪಸು ಬರುವ ಬಸ್ಸಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದವನು ಗುರಪ್ಪ ಮಾಸ್ತರ, ಇಪ್ಪತ್ತೇಳು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿರುವ ಸಾದಾ ಮನುಷ್ಯ. ಸಂಜೆ ಇಳಿದವನು ಹಲ್ಲು, ಒಸಡು, ನಾಲಿಗೆ, ಅಂಗುಳುಗಳ ಸರ್ವಾಧಿಕಾರಿ. ನಡುವೆ ಆದದ್ದು ಒಂದೇ ದಿನದ ತರಬೇತಿ.

ನಮ್ಮ ಕಡೆ ತಂಬಾಕು ತಿನ್ನುವವರು ಹೆಚ್ಚು. ಶಾಲೆಗೊಬ್ಬ ಮಾಸ್ತರನಾದರೂ ಬಾಯಿಯ ಸಾಮಾನ್ಯ ರೋಗಗಳನ್ನು ಗುರುತಿಸುವಂತಾಗಲಿ ಎಂದು ಈ ತರಬೇತಿ ಇಟ್ಟಿದ್ದರು. ನಮ್ಮ ಶಾಲೆಯಿಂದ ಬೇರೆ ಯಾರೂ ಒಪ್ಪದ ಕಾರಣ ನಾನು ಸರ್ವಾನುಮತದಿಂದ ಆಯ್ಕೆಯಾದೆ. ಬೆಳಗಿನ ಪಾಠ ಅದ್ಭುತವಾಗಿತ್ತು. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಮೂರು ಬೆರಳು ಹಿಡಿಸದಷ್ಟು ಬಿಗಿದುಕೊಂಡ ಬಾಯಿ, ರಕ್ತ ಒಸರುವ ಒಸಡು. ಪರದೆಯ ಮೇಲೆ ಒಂದೊಂದು ಬಾಯಿಯೂ ಕಲ್ಯಾಣ ಮಂಟಪದಷ್ಟು ಅಗಲ. ಮಧ್ಯಾಹ್ನ ಹೋಳಿಗೆ ಊಟ. ಊಟದ ನಂತರದ ಪಾಠದ ಹೆಸರು 'ರೋಗದಂತೆ ಕಂಡರೂ ರೋಗವಲ್ಲದವು'. ಆ ಪಾಠದಲ್ಲಿ ನನಗೆ ಗೊತ್ತಿರುವುದು ಹೆಸರು ಮಾತ್ರ. ಹೋಳಿಗೆಯ ಮೇಲೆ ತುಪ್ಪ ಧಾರಾಳವಾಗಿ ಸುರಿದಿದ್ದರು. ನಾನು ಕಣ್ಣು ಬಿಟ್ಟಾಗ ಪ್ರಮಾಣಪತ್ರ ಹಂಚುತ್ತಿದ್ದರು. ಅದರ ಜೊತೆಗೆ ಬಾಯೊಳಗೆ ಬೆಳಕು ಬಿಡಲು ಒಂದು ಪುಟ್ಟ ಬ್ಯಾಟರಿ, ನಾಲಿಗೆ ಒತ್ತಿ ಹಿಡಿಯಲು ಐಸ್‌ಕ್ರೀಮ್ ಕಡ್ಡಿಯಂಥ ಐವತ್ತು ಕಡ್ಡಿಗಳು.

ಹೀಗೆ ಅರ್ಧ ವಿದ್ಯೆ, ಪೂರ್ತಿ ಪ್ರಮಾಣಪತ್ರ ಹಿಡಿದು ಮನೆಗೆ ಬಂದೆ. ಚಪ್ಪಲಿ ಬಿಡುವ ಮೊದಲೇ ಹೆಂಡತಿ ಸುವರ್ಣಾಳಿಗೆ ಬ್ಯಾಟರಿ ಹಿಡಿದೆ.

"ಬಾಯಿ ತೆಗಿ."

"ತೆಗದ್ರ ಲಗೂನ ಮುಚ್ಚೂದಿಲ್ಲ ನೋಡ್ರಿ. ಬಾಳ ದಿನದಿಂದ ಮಾತು ಕೂಡಿಟ್ಟೇನಿ."

ಧೈರ್ಯ ಮಾಡಿ ನೋಡಿದೆ. "ಸುವರ್ಣಾ, ನಿನ್ನ ಒಸಡಿನ ಮ್ಯಾಲ ಕರೀ ಕಲಿ ಅದಾವ."

"ಹುಟ್ಟಿದಾಗಿಂದ ಅದಾವ. ನಮ್ಮವ್ವಗೂ ಅದಾವ, ನಮ್ಮ ಅಣ್ಣಗೂ ಅದಾವ. ಇಪ್ಪತ್ತೆಂಟು ವರ್ಷ ನಿಮ್ಮ ಮುಂದ ನಕ್ಕೇನಲ್ಲ, ಇವತ್ತ ಕಂಡ್ವೇನು?"

"ಹಂಗಾದ್ರ ಇದು ಮನೆತನದ ರೋಗ."

"ಮನೆತನದ ಬಣ್ಣರೀ ಅದು. ಕೈಕಾಲು ತೊಳಕೊಂಡು ಬರ್ರಿ, ಚಹಾ ಆರತೈತಿ."

ಅಜ್ಞಾನದ ಜೊತೆ ವಾದಿಸಿ ಫಲವಿಲ್ಲವೆಂದು ನನ್ನ ತಾಯಿ ತಾರವ್ವನ ಕಡೆ ತಿರುಗಿದೆ. ಎಂಬತ್ತೆರಡು ವರ್ಷದ ತಾರವ್ವ ಬಾಯಿ ತೆರೆಯಲೇ ಇಲ್ಲ, ತುಟಿಯ ಸಂದಿಯಲ್ಲೇ ಮಾತಾಡಿದಳು. "ನನ್ನ ಬಾಯಾಗ ಉಳದಾವು ನಾಕು ಹಲ್ಲು. ಅವನ್ನ ನೋಡಾಕ ಬ್ಯಾಟರಿ ಬೇಕೇನಲೇ ನಿನಗ? ಲೆಕ್ಕದ ಮಾಸ್ತರ, ಬಾಯಿಲೇ ಎಣಿಸು."

ಶಾಲೆಯಲ್ಲಿ ಸಹೋದ್ಯೋಗಿಗಳು ಮಾತ್ರ ನನ್ನನ್ನು ಕಂಡೊಡನೆ ಕೈ ಅಡ್ಡ ಹಿಡಿದು ಮಾತಾಡತೊಡಗಿದರು. ಅದನ್ನು ನಾನು ಗೌರವವೆಂದೇ ತಿಳಿದೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಅದರ ಮರುವಾರವೇ ಬೀಗರು ಬಂದರು.

ನಮ್ಮ ಮಗಳು ಕಾವೇರಿ ದಿನಾಲು ಬಸ್ಸಿನಲ್ಲಿ ಹೋಗಿಬಂದು ಮುಧೋಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಅಲ್ಲಿಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವ ನವೀನ ಎಂಬ ಹುಡುಗನನ್ನು ಅವಳು ಒಪ್ಪಿದ್ದಳು, ಅವನೂ ಇವಳನ್ನು ಒಪ್ಪಿದ್ದ. ಇನ್ನು ಹಿರಿಯರು ಕೂತು 'ಹೂಂ' ಅನ್ನುವುದಷ್ಟೇ ಬಾಕಿ. ಆ 'ಹೂಂ' ಅನ್ನಲು ರನ್ನ ಬೆಳಗಲಿಯಿಂದ ನವೀನನ ತಂದೆ ಶಿದ್ರಾಮಪ್ಪ, ತಾಯಿ ಶಿವವ್ವ ಒಂದು ರವಿವಾರ ಮಗನ ಜೊತೆ ನಮ್ಮ ಮನೆಗೆ ಬಂದರು. ಶಿದ್ರಾಮಪ್ಪ ಆರಡಿ ಆಳು, ಎರಡೂ ಕಡೆ ಹುರಿಗೊಂಡ ಮೀಸೆ. ದವಾಖಾನೆಯ ಮೆಟ್ಟಿಲು ಹತ್ತಿದವನಲ್ಲ ಎಂಬುದು ಅವರ ಹೆಮ್ಮೆ; ಬಂದ ಐದು ನಿಮಿಷದಲ್ಲಿ ಅದನ್ನು ಎರಡು ಸಲ ಹೇಳಿದರು.

ನಮ್ಮ ಮನೆಯ ಪಕ್ಕಕ್ಕೇ ಪವರ್‌ಲೂಮಿನ ಶೆಡ್ಡು. ಹನ್ನೆರಡು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಹೀಗಾಗಿ ನಮ್ಮ ಓಣಿಯಲ್ಲಿ ಪಿಸುಮಾತು ಎಂಬುದಿಲ್ಲ. ಗುಟ್ಟುಗಳನ್ನು ಕೂಡ ನಾವು ಕೂಗಿಯೇ ಹೇಳಿಕೊಳ್ಳುತ್ತೇವೆ. ಮಗ್ಗದ ಸದ್ದು ಅವನ್ನು ಮುಚ್ಚುತ್ತದೆ.

ಸೂಸಲಾ, ಮಿರ್ಚಿ, ಚಹಾ ನಡೆದಿತ್ತು. ನಾನು ಗಣಿತದ್ದೊಂದು ಜೋಕು ಹೇಳಿದೆ. ಶಿದ್ರಾಮಪ್ಪ ತಲೆ ಹಿಂದಕ್ಕೆಸೆದು ನಕ್ಕರು. ಬಾಯಿ ಅಗಲವಾಗಿ ತೆರೆಯಿತು. ಕಿಟಕಿಯ ಬಿಸಿಲು ನೇರವಾಗಿ ಒಳಗೆ ಬಿತ್ತು. ಎಡಗಲ್ಲದ ಒಳಗೆ, ಹಲ್ಲಿನ ಸಾಲಿನುದ್ದಕ್ಕೂ ಒಂದು ಬಿಳಿ ಗೆರೆ.

ಚಹಾದ ಕಪ್ಪು ಕೆಳಗಿಟ್ಟೆ. ಎದ್ದು ಅಡುಗೆಮನೆಗೆ ಓಡಿದೆ. ಸುವರ್ಣಾ ಎರಡನೇ ಸುತ್ತು ಮಿರ್ಚಿ ಕರಿಯುತ್ತಿದ್ದಳು.

"ಬಿಳಿ ಕಲಿ ಐತಿ" ಎಂದೆ.

"ಬ್ಯಾಳಿ ಯಾಕ್ರಿ ಈಗ? ಡಬ್ಬ್ಯಾಗ ಐತಿ."

"ಬ್ಯಾಳಿ ಅಲ್ಲ, ಕಲಿ. ಬಾಯಾಗ."

"ಬಾಯಾಗ ಹಾಕ್ಕೋತೀರಿ? ಹಸೀ ಬ್ಯಾಳಿ?"

ನನ್ನ ತಾಳ್ಮೆ ಮುಗಿಯಿತು. ಮಗ್ಗಗಳನ್ನು ಮೀರಿಸುವಂತೆ, ಹಿಂದಿನ ಬೆಂಚಿಗೆ ಪ್ರಮೇಯ ಹೇಳುವ ಧ್ವನಿಯಲ್ಲಿ ಕೂಗಿದೆ: "ಬೀಗರ ಬಾಯಾಗ ಕ್ಯಾನ್ಸರ್ ಐತಿ."

ನಾನು ಬಾಯಿ ತೆರೆಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಹನ್ನೆರಡು ಮಗ್ಗಗಳೂ ಒಮ್ಮೆಲೇ ನಿಂತವು. ಆ ಮೌನದಲ್ಲಿ ನನ್ನ ಮಾತು ಬತ್ತಲೆಯಾಗಿ ಮನೆಯೆಲ್ಲ ತಿರುಗಾಡಿ ಓಣಿಯವರೆಗೂ ಹೋಗಿಬಂತು.

ಪಡಸಾಲೆಯಿಂದ ಶಿದ್ರಾಮಪ್ಪನವರ ಧ್ವನಿ ಬಂತು. "ಯಾವ ಬೀಗರ್ರಿ, ಮಾಸ್ತರ?"

ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲೇ ಅಂಗಲಾಚಿದಳು. ಬೇರೆ ಯಾರೋ ಬೀಗರೆಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸತ್ಯಕ್ಕೆ ಬೆನ್ನು ತೋರಿಸುವವನು ಗುರಪ್ಪನೇ? ಕಪಾಟಿನಿಂದ ಬ್ಯಾಟರಿ, ಕಡ್ಡಿ ತೆಗೆದುಕೊಂಡು ಯುದ್ಧಕ್ಕೆ ಹೊರಟವನಂತೆ ಪಡಸಾಲೆಗೆ ಬಂದೆ.

"ನೀವ್ರಿ" ಎಂದೆ. "ಸ್ವಲ್ಪ ಬಾಯಿ ತೆಗೀರಿ."

ಶಿದ್ರಾಮಪ್ಪ ನನ್ನನ್ನೂ ಕಡ್ಡಿಯನ್ನೂ ನೋಡಿದರು. ಮೀಸೆಯ ತುದಿ ಅದುರಿತು. "ಮಾಸ್ತರ, ನಾವು ಹೆಣ್ಣು ಕೇಳಾಕ ಬಂದೇವಿ. ದನದ ಸಂತಿಗೆ ಬಂದಿಲ್ಲ, ಹಲ್ಲು ಹಿಡದು ನೋಡಾಕ."

"ಜೀವದ ಪ್ರಶ್ನೆರಿ."

"ನನ್ನ ಜೀವ. ನಾ ನೋಡಕೋತೇನಿ." ಅವರು ಎದ್ದರು. "ಶಿವವ್ವ, ನಡಿ."

ಶಿವವ್ವ ಅರ್ಧ ಕುಡಿದ ಚಹಾದ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ನಮ್ಮ ತಾಯಿಯ ಕೈಗೆ ಕೊಟ್ಟು ಹೊರಟರು. ನವೀನ ಬಾಗಿಲಲ್ಲಿ ತಿರುಗಿ ಕಾವೇರಿಯನ್ನು ನೋಡಿದ. ಅವಳು ನನ್ನನ್ನು ನೋಡಿದಳು. ನಾನು ಬ್ಯಾಟರಿ ಆರಿಸಿದೆ.

"ಈಗಿಂದೀಗ ಫೋನ್ ಹಚ್ಚಿ ಕ್ಷಮಾ ಕೇಳ್ರಿ" ಎಂದಳು ಸುವರ್ಣಾ.

"ಯಾಕ ಕೇಳಲಿ? ಕಂಡದ್ದು ಹೇಳೇನಿ. ಎರಡು ಎರಡು ನಾಕು ಅಂದಿದ್ದಕ್ಕ ಯಾರರ ಕ್ಷಮಾ ಕೇಳ್ತಾರೇನು?"

"ಮಗಳ ಮದುವಿರಿ."

"ಮದುವಿ ಆಗಿ ಆರು ತಿಂಗಳಿಗೆ ಮಾವ ಹೋದ್ರ ಮಗಳಿಗೆ ಸುಖಾ ಏನು?"

ತಾರವ್ವ ಶಿವವ್ವನ ಚಹಾವನ್ನು ತಾನೇ ಕುಡಿದು ಮುಗಿಸಿ ಹೇಳಿದಳು: "ಇವಗ ಸಣ್ಣಾಂವ ಇದ್ದಾಗ ಬಜಿ ಬೇರು ತೇದು ನೆಕ್ಕಿಸಿದ್ದು ಹೆಚ್ಚಾಗಿರಬೇಕು. ಜಲದಿ ಮಾತಾಡಲಿ ಅಂತ."

ಮೂರು ದಿನ ನಾನು ಜಗ್ಗಲಿಲ್ಲ. ಸುವರ್ಣಾ ರೊಟ್ಟಿ ಬಡಿಯುವ ಸದ್ದು ಮಗ್ಗಕ್ಕಿಂತ ಜೋರಾಯಿತು. ಕಾವೇರಿ ನನ್ನ ಜೊತೆ ಮಾತೇ ಬಿಟ್ಟಳು. ಆದರೆ ನಾನು ಬಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನ ಕನ್ನಡಿಯೆದುರು ನಿಂತು ನನ್ನ ಬಾಯಿಗೇ ಬ್ಯಾಟರಿ ಬಿಟ್ಟೆ. ರೋಗವಿಲ್ಲದ ಗಲ್ಲ ಹೇಗಿರುತ್ತದೆ ಎಂದು ನೋಡಿ, ಹೋಲಿಸಿ, ನನ್ನ ವಾದವನ್ನು ಗಟ್ಟಿ ಮಾಡಿಕೊಳ್ಳುವ ಉದ್ದೇಶದಿಂದ.

ನನ್ನ ಎಡಗಲ್ಲದ ಒಳಗೂ ಬಿಳಿ ಗೆರೆ. ಬಲಗಲ್ಲದ ಒಳಗೂ.

ಬೆರಳಿಂದ ಒರೆಸಿದೆ, ಹೋಗಲಿಲ್ಲ. ಟವೆಲಿನಿಂದ ಒರೆಸಿದೆ, ಹೋಗಲಿಲ್ಲ. ಬೀಗರಿಗೆ ಒಂದೇ ಕಡೆ, ನನಗೆ ಎರಡು ಕಡೆ. ಬಕೆಟ್ಟಿನ ಮೇಲೆ ಕುಸಿದು ಕೂತೆ. ಅಡಿಕೆ ಚೂರೂ ಹಾಕದ ನನಗೆ ಇದೇಕೆ? ನಿವೃತ್ತಿಗೆ ಮೂರು ವರ್ಷ, ಮಗಳ ಮದುವೆ, ಸುವರ್ಣಾಳಿಗೆ ಬ್ಯಾಂಕಿನ ಕಾರ್ಡು ಬಳಸಲು ಬರುವುದಿಲ್ಲ. ಹೊರಗಿನಿಂದ ಅವಳು ಕದ ಬಡಿದಳು. "ಒಳಗ ಏನು ಮಾಡಾಕತ್ತೀರಿ ಅರ್ಧ ತಾಸಾತು?" "ಏನಿಲ್ಲ" ಎಂದೆ.

ಅಂದು ಸಂಜೆ ಕಾವೇರಿ ತಾನಾಗಿಯೇ ನನ್ನ ಕುರ್ಚಿಯ ಎದುರು ಬಂದು ಕೂತಳು. ಸಿಟ್ಟಿರಲಿಲ್ಲ, ಅದು ಸಿಟ್ಟಿಗಿಂತ ಕಷ್ಟವಾಯಿತು.

"ಅಪ್ಪಾ, ಖರೇ ಹೇಳು. ನೀ ಅವರ ಬಾಯಾಗ ನೋಡಿದ್ದು ಖಾತ್ರಿ ಐತೇನು?"

"ಐತಿ." ಈಗ ನನಗೆ ಅದು ಎಂದಿಗಿಂತ ಹೆಚ್ಚು ಖಾತ್ರಿಯಾಗಿತ್ತು.

"ಹಂಗಾದ್ರ ಇಲ್ಲಿ ಕೂತು ಗೆದ್ದೇನಿ ಅಂದ್ರ ಏನಾತು? ಅವರನ್ನ ದವಾಖಾನಿಗೆ ಕರಕೊಂಡು ಹೋಗು. ನೀ ಹೇಳಿದ್ದು ಸುಳ್ಳಾದ್ರ ಕ್ಷಮಾ ಕೇಳು. ಎರಡರಾಗ ಒಂದು ಮಾಡು ಅಪ್ಪಾ. ಸುಮ್ನ ಕೂಡಬ್ಯಾಡ."

ಇಪ್ಪತ್ತೇಳು ವರ್ಷ ಮಕ್ಕಳಿಗೆ ಉತ್ತರ ತಾಳೆ ನೋಡಲು ಕಲಿಸಿದವನು ನಾನು. ಮರುದಿನ ರಜೆ ಹಾಕಿ ಮುಧೋಳದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಹಿಡಿದು ರನ್ನ ಬೆಳಗಲಿ ಸೇರಿದೆ. ಶಿದ್ರಾಮಪ್ಪ ಮನೆಯೆದುರಿನ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದರು.

"ಕ್ಷಮಾ ಕೇಳಾಕ ಬಂದ್ರೇನ್ರಿ ಮಾಸ್ತರ?"

"ಇಲ್ರಿ. ದವಾಖಾನಿಗೆ ಕರಿಯಾಕ ಬಂದೇನಿ."

ಅವರು ತಂಬಾಕನ್ನು ಕೆಳತುಟಿಯ ಹಿಂದೆ ಸೇರಿಸಿ ನನ್ನನ್ನು ದಿಟ್ಟಿಸಿದರು. ಇಂಥ ಹಟಮಾರಿಯನ್ನು ಅವರು ಕನ್ನಡಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಕ್ಕಿಲ್ಲ.

"ನಾ ಹೇಳಿದ್ದು ಸುಳ್ಳಾದ್ರ" ಎಂದೆ, "ನಿಮ್ಮೂರ ಅಗಸಿ ಬಾಗಲದಾಗ ನಿಂತು, ಹತ್ತು ಮಂದಿ ಮುಂದ ಕ್ಷಮಾ ಕೇಳ್ತೇನಿ."

"ಹತ್ತು ಅಲ್ಲ, ಊರು ಕೂಡಸ್ತೇನಿ." ಅವರು ಎದ್ದು ಮೋಟರ್‌ಸೈಕಲ್ಲಿನ ಕೀಲಿ ತೆಗೆದುಕೊಂಡರು. "ನಡೀರಿ. ಬಾಯಿ ಛಲೋ ಐತಿ ಅಂತ ಡಾಕ್ಟರ ಕಡಿಂದ ಬರಸಕೊಂಡು, ಕಾಜಿನ ಚೌಕಟ್ಟು ಹಾಕಿಸಿ ನಿಮ್ಮ ಸಾಲಿಗೆ ಕಳಸ್ತೇನಿ."

ಜಮಖಂಡಿಯವರೆಗೆ ಅವರ ಬೆನ್ನ ಹಿಂದೆ ಕೂತು ಹೋದೆ.

ಹಲ್ಲಿನ ಡಾಕ್ಟರ ಹೆಸರು ರಸಿಕಾ. ನಮ್ಮ ಕಾವೇರಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ನಾನು ಗಂಭೀರವಾಗಿ ಪ್ರಮಾಣಪತ್ರ ಮುಂದಿಟ್ಟೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿ ಹೇಳಿದಳು: "ಆ ತರಬೇತಿಯೊಳಗ ಮಧ್ಯಾಹ್ನದ ಪಾಠ ನಾನ ಮಾಡಿದ್ದೆ. ನೀವು ಮೂರನೇ ಸಾಲಿನಾಗ ಗೊರಕಿ ಹೊಡೀತಿದ್ದಿರಿ, ಹೌದಲ್ಲರಿ?"

ಶಿದ್ರಾಮಪ್ಪನವರ ಮೀಸೆ ಒಂದು ಇಂಚು ಮೇಲೇರಿತು.

ಅವರನ್ನು ಕುರ್ಚಿಯ ಮೇಲೆ ಒರಗಿಸಿ ನಾನು ತೋರಿಸಿದ ಎಡಗಲ್ಲವನ್ನು ಅವಳು ನೋಡಿದಳು. "ಇದು ರೋಗ ಅಲ್ಲರಿ. ಮ್ಯಾಲಿನ ಹಲ್ಲು ಕೆಳಗಿನ ಹಲ್ಲು ಕೂಡೋ ಕಡೆ ಗಲ್ಲ ಒತ್ತಿ ಒತ್ತಿ ಗೆರಿ ಆಗಿರ್ತದ. ಬಾಳ ಮಂದಿಗೆ ಇರ್ತದ, ನನಗೂ ಅದ. ಮಾಸ್ತರ, ನಿಮಗೂ ಇರಬೇಕು."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಸೋತ ನಾಚಿಕೆಗಿಂತ ಬದುಕಿದ ಸಂತೋಷ ಮೊದಲು ನುಗ್ಗಿತು. ಕಣ್ಣು ತುಂಬಿ ಬಂದವು. ಶಿದ್ರಾಮಪ್ಪ ಅದನ್ನು ತಪ್ಪಾಗಿ ತಿಳಿದರು.

"ಅಳಬ್ಯಾಡ್ರಿ ಮಾಸ್ತರ. ಅಗಸಿ ತನಕ ನಡಸ್ಕೊಂಡೇನೂ ಒಯ್ಯೂದಿಲ್ಲ, ಗಾಡಿ ಮ್ಯಾಲನ ಬರ್ರಿ." ಕುರ್ಚಿಯಿಂದ ಕಾಲು ಇಳಿಬಿಟ್ಟರು.

"ಇಳೀಬ್ಯಾಡ್ರಿ ಕಾಕಾ" ಎಂದಳು ರಸಿಕಾ. "ಕೆಳಗಿನ ತುಟಿ ಹಿಂದ ಏನಿಟ್ಟೀರಿ?"

"ತಂಬಾಕ್ರಿ. ಮೂವತ್ತು ವರ್ಷಾತು, ಜಾಗಾ ಬದಲಿ ಮಾಡಿಲ್ಲ."

"ಅದನ್ನ ತಗದು ಬಾಯಿ ಮುಕ್ಕಳಿಸ್ರಿ."

ಅವಳು ಕೆಳತುಟಿಯನ್ನು ಹೊರಕ್ಕೆ ಮಡಚಿದಳು. ತಂಬಾಕಿನ ಗುಳಿಗೆ ಕೂತಿದ್ದ ಜಾಗದಲ್ಲಿ, ಆರಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ ಬಿಳಿ ಕಲೆ. ನನ್ನ ಬ್ಯಾಟರಿ ಅಲ್ಲಿಗೆ ಹೋಗಿಯೇ ಇರಲಿಲ್ಲ, ನನ್ನ ಕಣ್ಣೂ. ಅವಳು ಹತ್ತಿಬಟ್ಟೆಯಿಂದ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಕಲೆ ಹಾಗೆಯೇ ಇತ್ತು. ಅವಳ ಮುಖದ ನಗು ಮಾತ್ರ ಹೋಯಿತು.

"ಇದರದೊಂದು ಸಣ್ಣ ಚೂರು ತಗದು ಪರೀಕ್ಷಾಕ್ಕ ಕಳಸಬೇಕಾಗ್ತದ. ಏನೂ ಇರಲಿಕ್ಕಿಲ್ಲ. ಆದ್ರ ನೋಡದ ಹೇಳೂದು ತಪ್ಪು."

ನೋಡದೆ ಹೇಳುವುದು ತಪ್ಪು, ಅರ್ಧ ನೋಡಿ ಹೇಳುವುದು ಅದಕ್ಕಿಂತ ತಪ್ಪು. ಆ ಎರಡನೆಯದನ್ನು ಅವಳು ಹೇಳಲಿಲ್ಲ, ನಾನೇ ಕೇಳಿಸಿಕೊಂಡೆ.

ಚೂರು ತೆಗೆಸಿಕೊಂಡು ಹೊರಗೆ ಬಂದು ಶಿದ್ರಾಮಪ್ಪ ಗಾಡಿಗೆ ಕೀಲಿ ಹಾಕಿದರು, ತಿರುಗಿಸಲಿಲ್ಲ. ಆರಡಿ ಆಳು ಒಮ್ಮೆಗೇ ಐದಡಿಯಾದಂತೆ ಕಂಡರು.

"ಮಾಸ್ತರ, ಶಿವವ್ವಗ ಏನು ಹೇಳೂದ್ರಿ?"

"ಖರೇದ ಹೇಳೂಣ್ರಿ. ನಾನೂ ಬರ್ತೇನಿ."

"ನೀವು ಹೇಳಬ್ಯಾಡ್ರಿ" ಎಂದರು ತಕ್ಷಣ. "ನೀವು ಬರ್ರಿ, ಆದ್ರ ಹೇಳೂದು ನಾ ಹೇಳ್ತೇನಿ."

ಆಮೇಲಿನ ಎಂಟು ದಿನ ನಾನು ದಿನಾಲು ಫೋನು ಮಾಡಿದೆ. ರೋಗದ ಸುದ್ದಿ ಎತ್ತಲಿಲ್ಲ. ಕಬ್ಬಿನ ಬಗ್ಗೆ ಕೇಳಿದೆ, ಎಮ್ಮೆಯ ಬಗ್ಗೆ ಕೇಳಿದೆ. ಅವರೂ ಶಾಲೆಯ ಪರೀಕ್ಷೆಗಳ ಬಗ್ಗೆ ಕೇಳಿದರು. ಇಬ್ಬರಿಗೂ ಇನ್ನೊಬ್ಬರ ವಿಷಯದಲ್ಲಿ ಕಾಳಿನಷ್ಟೂ ಆಸಕ್ತಿ ಇರಲಿಲ್ಲ, ಆದರೂ ಯಾರೂ ಫೋನು ಇಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸುವರ್ಣಾ ದೇವರ ಮುಂದೆ ಎರಡು ದೀಪ ಹಚ್ಚತೊಡಗಿದಳು. ಒಂದು ಬೀಗರ ಬಾಯಿಗೆ, ಇನ್ನೊಂದು ನನ್ನ ಬಾಯಿಗೆ ಎಂದಳು. ನನ್ನದಕ್ಕೆ ಎಣ್ಣೆ ಹೆಚ್ಚು ಹಾಕುತ್ತಿದ್ದಳು.

ಒಂಬತ್ತನೆಯ ದಿನ ವರದಿ ಬಂತು. ಕ್ಯಾನ್ಸರ್ ಆಗಿರಲಿಲ್ಲ. ಆದರೆ ಆ ಹಾದಿಗೆ ಹೊರಳಬಹುದಾದ ಕಲೆ. ತಂಬಾಕು ಬಿಟ್ಟರೆ ಕಡಿಮೆಯಾದೀತು, ಬಿಡದಿದ್ದರೆ ಖಾತ್ರಿ ಇಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು ಎಂದಳು ರಸಿಕಾ. ಶಿದ್ರಾಮಪ್ಪ ಜೇಬಿನಿಂದ ತಂಬಾಕಿನ ಚೀಲ ತೆಗೆದು, ಅವಳ ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದರು. ಸುಣ್ಣದ ಡಬ್ಬಿಯನ್ನೂ ಹಾಕಿದರು. ಆಮೇಲೆ ಬಗ್ಗಿ ಡಬ್ಬಿಯನ್ನು ಮಾತ್ರ ವಾಪಸು ತೆಗೆದುಕೊಂಡರು. "ಇದು ನಮ್ಮಪ್ಪಂದು. ಬೆಳ್ಳಿದು" ಎಂದರು. ತಂಬಾಕು ಬಿಟ್ಟ ಮನುಷ್ಯ ಹೇಗಿರುತ್ತಾನೆ ಎಂಬುದನ್ನು ಶಿವವ್ವನನ್ನು ಕೇಳಬೇಕು. ಮೊದಲ ವಾರ ಎಮ್ಮೆ ಕೂಡ ಅವರ ಹತ್ತಿರ ಹೋಗಲಿಲ್ಲವಂತೆ.

ಮುಂದಿನ ರವಿವಾರ ಅವರು ಮೂವರೂ ಹೇಳದೆ ಕೇಳದೆ ಬಂದುಬಿಟ್ಟರು. ನಾನು ಊಟ ಮುಗಿಸಿ ಆಗತಾನೇ ತಾಟಿನ ಮುಂದಿನಿಂದ ಎದ್ದಿದ್ದೆ. ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಓಡಿದೆ. ಶಿದ್ರಾಮಪ್ಪ ಎದೆ ಸೆಟೆಸಿ ಕೂತಿದ್ದರು. ಆರಡಿ ವಾಪಸು ಬಂದಿತ್ತು.

"ಹುಡುಗಿ ನಮಗ ಒಪ್ಪಿಗಿ ಐತ್ರಿ" ಎಂದರು. ಬಾಗಿಲ ಹಿಂದೆ ಕಾವೇರಿಯ ಬಳೆ ಸದ್ದಾಯಿತು. "ಆದ್ರ ಅಗಸ್ಯಾಗಿನ ಕ್ಷಮಾ ಬಾಕಿ ಉಳದೈತಿ."

"ಅದೆಂಗ್ರಿ? ನಿಮ್ಮ ಬಾಯಾಗ ಕಲಿ ಇತ್ತು, ಸಿಕ್ಕಿತು."

"ನೀವು ತೋರಿಸಿದ್ದು ಗಲ್ಲ. ಸಿಕ್ಕಿದ್ದು ತುಟಿ."

"ಮನಿ ಒಂದ ಅಲ್ಲೇನ್ರಿ? ಕಳ್ಳ ಅಟ್ಟದ ಮ್ಯಾಲ ಅದಾನ ಅಂದೆ, ಅಡಗಿಮನಿಯೊಳಗ ಸಿಕ್ಕ. ಕಳ್ಳ ಸಿಕ್ಕನೋ ಇಲ್ಲೋ?"

ನಾನೂ ಜಗ್ಗಲಿಲ್ಲ, ಅವರೂ ಜಗ್ಗಲಿಲ್ಲ. ಕೊನೆಗೆ ಶಿವವ್ವ ನಿಟ್ಟುಸಿರಿಟ್ಟು, "ಇಬ್ಬರೂ ಬರೋಬರ ಜೋಡಿ ಆಗ್ತೀರಿ, ಮದುವಿ ನಿಮ್ಮಿಬ್ಬರದ ಮಾಡಬೇಕು" ಎಂದರು.

"ಹೋಗ್ಲಿ, ಅಗಸಿ ಬಿಟ್ಟೆ" ಎಂದರು ಶಿದ್ರಾಮಪ್ಪ. "ಆದ್ರ ಒಂದು ಶರ್ತು. ಮದುವಿಗೆ ನಮ್ಮ ಕಡೆಯಿಂದ ನಾಕನೂರು ಮಂದಿ ಬರ್ತಾರ. ಅವರು ಉಣ್ಣಾಕ ಬಾಯಿ ತೆಗೀತಾರ. ಅವರೊಳಗ ನೀವು ಇಣಕಿ ನೋಡಬಾರದು."

ಇಷ್ಟು ದೊಡ್ಡ ಅನ್ಯಾಯವನ್ನು ನಾನು ಹೇಗೆ ಸಹಿಸಲಿ? ನಾಲ್ಕು ನೂರು ಬಾಯಿ, ಒಂದೇ ಕಡೆ, ತಾನಾಗಿ ತೆರೆದುಕೊಳ್ಳುವವು. ಇಂಥ ಅವಕಾಶ ವಿಜ್ಞಾನಕ್ಕೆ ಮತ್ತೆಂದು ಸಿಕ್ಕೀತು? ಪ್ರತಿಭಟಿಸಲು ಎದೆಯುಬ್ಬಿಸಿ, ಬಾಯಿ ಅಗಲವಾಗಿ ತೆರೆದೆ.

ಶಿದ್ರಾಮಪ್ಪ ಮುಂದೆ ಬಾಗಿದರು. ಕಣ್ಣು ಕಿರಿದು ಮಾಡಿ ನನ್ನ ಬಾಯಿಯೊಳಗೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಮಾಸ್ತರ" ಎಂದರು ಗಂಭೀರವಾಗಿ, "ನಿಮ್ಮ ಮುಂದಿನ ಹಲ್ಲಿನಾಗ ಹಸರ ಕಲಿ ಐತ್ರಿ. ಹೆದರಬ್ಯಾಡ್ರಿ, ಮೆಂತೇಪಲ್ಲೆ. ನೀರು ಮುಕ್ಕಳಿಸಿದ್ರ ಹೋಗತೈತಿ."